ಹುಣಸೆಹಣ್ಣು ಹಚ್ಚಿದ ಖಡ್ಗ

ಸುರೇಬಾನದ ನಮ್ಮ ಮನೆಯಲ್ಲಿ ಎರಡು ಖಡ್ಗಗಳಿವೆ. ಆದರೂ ಉಳ್ಳಾಗಡ್ಡಿ ಹೆಚ್ಚಲು ಇಳಿಗೆಯೇ ಬೇಕು, ಟೆಂಗಿನಕಾಯಿ ಒಡೆಯಲು ಹಿತ್ತಲಿನ ಕಲ್ಲೇ ಬೇಕು. ಒಂದು ಖಡ್ಗ ಮೂರು ಅಡಿ ಉದ್ದ. ಕೆಂಪು ಮಖಮಲ್ಲಿನ ಒರೆ, ಹಿತ್ತಾಳೆ ಬಣ್ಣದ ಹಿಡಿಕೆ, ಹಿಡಿಕೆಯ ತುದಿಗೆ ಸಿಂಹದ ಮುಖ. ಸಿಂಹವೆಂದು ನಾನು ಹೇಳುತ್ತೇನೆ, ಮೊಮ್ಮಗಳು ಬೆಕ್ಕು ಅನ್ನುತ್ತಾಳೆ. ಇನ್ನೊಂದು ಒಂದು ಮೊಳದಷ್ಟು, ಒರೆ ಇಲ್ಲ, ನೆಟ್ಟಗಿನ ಎರಡಲಗು. ಮೊದಲನೆಯದು ವೇದಿಕೆಯ ಮೇಲೆ ಸಿಕ್ಕದ್ದು, ಎರಡನೆಯದು ಚೀನಾದಿಂದ ಸೂಟ್‌ಕೇಸಿನಲ್ಲಿ ಬಂದದ್ದು. ಇವೆರಡರಿಂದ ಈವರೆಗೆ ಯಾರಿಗೂ ಗಾಯವಾಗಿಲ್ಲ. ಒಂದು ಸಲ ಮಾತ್ರ ದೊಡ್ಡದು ಮೊಳೆಸಮೇತ ಕಿತ್ತುಕೊಂಡು ನನ್ನ ಕಾಲ ಮೇಲೆ ಬಿದ್ದಿತ್ತು. ನಾನು ಆಗ ಚಹಾ ಕುಡಿಯುತ್ತಿದ್ದೆನಾದ್ದರಿಂದ ಅದನ್ನು ಯುದ್ಧದ ಲೆಕ್ಕಕ್ಕೆ ಹಿಡಿಯುವಂತಿಲ್ಲ.

ಸತ್ಕಾರದ ರೀತಿ ಸೀಮೆ ಸೀಮೆಗೆ ಬೇರೆ. ಮೈಸೂರ ಕಡೆಯವರು ತಲೆಗೆ ಪೇಟ ಇಡುತ್ತಾರೆ, ಕೆಲವು ಕಡೆ ಹಣ್ಣಿನ ಬುಟ್ಟಿ ಕೊಡುತ್ತಾರೆ. ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗದ ನಮ್ಮ ಭಾಗದಲ್ಲಿ ಶಾಲು ಹೊದಿಸಿ, ಹಾರ ಹಾಕಿ, ಫಲಕ ಕೊಟ್ಟ ಮೇಲೂ ಏನೋ ಕೊರತೆ ಆಯಿತೆನ್ನಿಸುತ್ತದೆ. ಆಗ ಖಡ್ಗ ಹೊರಬರುತ್ತದೆ. ಇದಕ್ಕೆ ಕಾರಣ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಯಾವ ಸರ್ಕಲ್ಲಿಗೆ ಹೋದರೂ ಒಂದೋ ರಾಣಿ ಚೆನ್ನಮ್ಮ ಕುದುರೆ ಮೇಲೆ ಕುಳಿತು ಖಡ್ಗ ಎತ್ತಿರುತ್ತಾಳೆ, ಇಲ್ಲವೆ ಸಂಗೊಳ್ಳಿ ರಾಯಣ್ಣ ನಿಂತು ಎತ್ತಿರುತ್ತಾನೆ. ಹುಟ್ಟಿದಾಗಿನಿಂದ ಅದನ್ನೇ ನೋಡುತ್ತ ಬೆಳೆದವರಿಗೆ ದೊಡ್ಡವರಾದವರ ಕೈಯಲ್ಲಿ ಒಂದು ಖಡ್ಗ ಇರಬೇಕೆನ್ನಿಸುವುದು ಸಹಜ. ಇದರಲ್ಲಿ ಒಂದು ವಿಚಿತ್ರವೂ ಇದೆ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಬಿದ್ದದ್ದು ಅಮಟೂರು ಬಾಳಪ್ಪನ ಗುಂಡಿಗೆ, ಖಡ್ಗಕ್ಕಲ್ಲ. ಹಾಗೆಂದು ವೇದಿಕೆಯ ಮೇಲೆ ಯಾರೂ ಬಂದೂಕು ಕೊಡುವುದಿಲ್ಲ. ಕೊಟ್ಟರೆ ಹಾರ ಹಾಕಿದವರೂ ಹಾಕಿಸಿಕೊಂಡವರೂ ಒಂದೇ ಜೀಪಿನಲ್ಲಿ ಠಾಣೆಗೆ ಹೋಗಬೇಕಾದೀತು.

ನನಗೆ ಖಡ್ಗ ಸಿಕ್ಕದ್ದು ನಿವೃತ್ತಿಯಾದಾಗ. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಷಯ ಕಲಿಸಿದ ನಾನು ಆ ಅವಧಿಯಲ್ಲಿ ಹಿಡಿದ ಅತಿ ದೊಡ್ಡ ಆಯುಧವೆಂದರೆ ಭೂಪಟ ತೋರಿಸುವ ಕೋಲು. ಹಳೆಯ ವಿದ್ಯಾರ್ಥಿಗಳು ಸೇರಿ ಸತ್ಕಾರ ಇಟ್ಟುಕೊಂಡರು. ಶಾಲು ಆಯಿತು, ಹಾರ ಆಯಿತು. ಆಮೇಲೆ ನಾಲ್ಕು ಜನ ಹಿಡಿದುಕೊಂಡು ಆ ಕೆಂಪು ಮಖಮಲ್ಲಿನ ಉದ್ದನೆಯ ವಸ್ತುವನ್ನು ತಂದು ನನ್ನ ಕೈಗೆ ಕೊಟ್ಟರು. ಫೋಟೋದವನು ಕೆಳಗಿನಿಂದ ಕೂಗಿದ: "ಸರ್, ಒರಿಯಿಂದ ಎಳೆದು ಮ್ಯಾಲ ಎತ್ತರಿ!"

ಎಳೆದೆ, ಬರಲಿಲ್ಲ. ಇನ್ನೊಮ್ಮೆ ಎಳೆದೆ. ಇಬ್ಬರು ವಿದ್ಯಾರ್ಥಿಗಳು ಒರೆಯ ತುದಿ ಹಿಡಿದರು, ನಾನು ಹಿಡಿಕೆ ಹಿಡಿದೆ. ಹಗ್ಗಜಗ್ಗಾಟದ ಕೊನೆಗೆ ಸಪ್ಪಳವಾಗಿ ಹಿಡಿಕೆಯೊಂದೇ ನನ್ನ ಕೈಗೆ ಬಂತು. ಅಲಗು ಒರೆಯಲ್ಲೇ ಉಳಿಯಿತು. ಸಭೆಯಲ್ಲಿ ಅದಾಗಲೇ ಚಪ್ಪಾಳೆ ಶುರುವಾಗಿತ್ತು, ಇಳಿಸುವುದು ಸರಿಯಲ್ಲವೆಂದು ಹಿಡಿಕೆಯನ್ನೇ ಎತ್ತಿ ಹಿಡಿದು ನಿಂತೆ. ಆ ಫೋಟೋ ಈಗಲೂ ಇದೆ. ನೋಡಿದವರಿಗೆ ನಾನು ಮೈಕು ಕಿತ್ತುಕೊಂಡಂತೆ ಕಾಣುತ್ತದೆ. ಆಮೇಲೆ ಕಮ್ಮಾರನೊಬ್ಬ ಅಂಟು ಹಾಕಿ, ಒಂದು ಸ್ಕ್ರೂ ಜಡಿದು ಸರಿ ಮಾಡಿದ. "ಸರ್, ಇದು ಎತ್ತಾಕಷ್ಟ ಐತ್ರಿ, ಬೀಸಾಕ ಹೋಗಬ್ಯಾಡ್ರಿ" ಎಂದು ಎಚ್ಚರಿಕೆಯನ್ನೂ ಕೊಟ್ಟ.

ಅದನ್ನು ಬಸ್ಸಿನಲ್ಲಿ ತಂದದ್ದು ಇನ್ನೊಂದು ಪುರಾಣ. ನಿಲ್ಲಿಸಿದರೆ ಮೇಲಿನ ಸರಳಿಗೆ ತಾಗುತ್ತದೆ, ಮಲಗಿಸಿದರೆ ಮೂವರ ತೊಡೆಯ ಮೇಲೆ ಹೋಗುತ್ತದೆ. ನಡುವಿನ ಸೀಟಿನ ಮುದುಕಿ ಅದರ ಮೇಲೆ ತನ್ನ ಎಲೆಅಡಿಕೆ ಚೀಲ ಇಟ್ಟುಕೊಂಡು, "ಯಾವ ಊರ ದೊರಿರೀ ನೀವು?" ಎಂದಳು. ಮಾಸ್ತರ ಎಂದು ಹೇಳಿದೆ. "ಮಾಸ್ತರಗ ಯಾಕ ಬೇಕ ಇದು, ಹುಡುಗೋರು ಅಷ್ಟ ಮಾತ ಕೇಳಂಗಿಲ್ಲೇನ?" ಎಂದು ಮರುಕದಿಂದ ನೋಡಿದಳು. ನಾನು ಉತ್ತರ ಕೊಡಲಿಲ್ಲ. ಅವಳ ಊಹೆ ಪೂರ್ತಿ ತಪ್ಪೇನಾಗಿರಲಿಲ್ಲ.

ಖಡ್ಗ ಮನೆಗೆ ಬಂದ ವಾರದಲ್ಲೇ ಓಣಿಯ ಹುಡುಗನೊಬ್ಬ ಅದನ್ನು ಕಡ ಕೇಳಲು ಬಂದ. ಗೆಳೆಯನ ಬರ್ತ್‌ಡೇ ಅಂತೆ, ಕೇಕು ಕೊಯ್ಯಬೇಕಂತೆ. ತಲವಾರದಿಂದ ಕೇಕು ಕೊಯ್ದು ವಿಡಿಯೋ ಹಾಕಿ ಪೊಲೀಸರ ಕೈಗೆ ಸಿಕ್ಕವರ ಸುದ್ದಿಯನ್ನು ನಾನು ಪೇಪರಿನಲ್ಲಿ ಓದಿದ್ದೆ. ಹಳೆಯ ಚಟ, ನಿಲ್ಲಿಸಿಕೊಂಡು ಪಾಠ ಮಾಡಿದೆ: 1959ರ ಆಯುಧ ಕಾಯ್ದೆ ಎಂಬುದಿದೆ, ಅದರ ನಿಯಮಗಳ ಪ್ರಕಾರ 9 ಇಂಚಿಗಿಂತ ಉದ್ದದ ಹರಿತ ಅಲಗು ಆಯುಧಗಳ ಸಾಲಿಗೆ ಸೇರುತ್ತದೆ, ಅಡುಗೆಮನೆಯ ಮತ್ತು ಹೊಲದ ಸಾಮಾನಿಗೆ ಬಿಡುವು ಇದೆ.

"ಸರ್, ಇದೇನ ಕೊಯ್ಯಂಗಿಲ್ಲಲ್ರಿ" ಎಂದ.

"ಕೇಕೂ ಕೊಯ್ಯಂಗಿಲ್ಲೋ ತಮ್ಮಾ" ಎಂದೆ.

ಅವನು ಹೋದ ಮೇಲೆ ಕಾಯ್ದೆಯ ಬಗ್ಗೆ ನನಗೇ ನಗು ಬಂತು. ದಿನಾ ಬೆಳಗಾದರೆ ಕೊಯ್ಯುವ ಕುಡಗೋಲು, ಕೊಡಲಿ, ಇಳಿಗೆಗಳಿಗೆ ಬಿಡುವು. ಜನ್ಮದಲ್ಲಿ ಒಂದು ಎಲೆ ಕೊಯ್ಯದ ನಮ್ಮ ಖಡ್ಗಕ್ಕೆ ಮಾತ್ರ ಕಾನೂನಿನ ಭಯ. ಖಂಡೇನವಮಿಯ ದಿನ ಎಲ್ಲವನ್ನೂ ಸಾಲಾಗಿ ಇಟ್ಟು ಪೂಜೆ ಮಾಡುವಾಗಲೂ ಅದರ ಸ್ಥಾನ ಗೊಂದಲದ್ದೇ. ಹೆಂಡತಿ ಮೊದಲು ಇಳಿಗೆಗೆ ಕುಂಕುಮ ಹಚ್ಚುತ್ತಾಳೆ, ಆಮೇಲೆ ಕುಡಗೋಲು, ಆಮೇಲೆ ನನ್ನ ಪೆನ್ನು. ದೊಡ್ಡ ಹಾರ ಸ್ಕೂಟರಿಗೆ. ಉಳಿದ ಎರಡು ಚೆಂಡುಹೂ ಖಡ್ಗಕ್ಕೆ. ಖಂಡೆ ಎಂದರೆ ಖಡ್ಗವೆಂದೇ ಅರ್ಥ, ಹಬ್ಬ ಇರುವುದೇ ಅದರ ಹೆಸರಿನಲ್ಲಿ ಎಂದು ಒಮ್ಮೆ ಹೇಳಿ ನೋಡಿದೆ. "ಹೆಸರಷ್ಟ ಅದರದು, ದುಡಿಯೂದು ಇವು" ಎಂದಳು. ಹಾಗೆ ಎಂದರೆ ನಾನೂ ಸುಮ್ಮನಿರಬೇಕಾಗುತ್ತದೆ. ನಿವೃತ್ತನಾದವನು.

ನಮ್ಮ ಊರು ಖಡ್ಗ ಕಾಣದ ಊರಲ್ಲ. ಇದನ್ನು ಹೊರಗಿನವರಿಗೆ ಹೇಳಿದರೆ ನಂಬುವುದಿಲ್ಲ. ಸುರೇಬಾನವೆಂದರೆ ಅವರಿಗೆ ಶಬರಿಕೊಳ್ಳಕ್ಕೆ ಹೋಗುವ ದಾರಿ, ಮಗ್ಗದ ಸಪ್ಪಳ ಕೇಳುವ ಓಣಿಗಳು, ಅಷ್ಟೇ. ಆದರೆ 1858ರ ಮೇ 29ರ ರಾತ್ರಿ ಇಲ್ಲಿ ನಡೆದದ್ದು ಇತಿಹಾಸದ ಪುಸ್ತಕದಲ್ಲಿದೆ. ದಕ್ಷಿಣ ಮರಾಠಾ ಸೀಮೆಯ ಪೊಲಿಟಿಕಲ್ ಏಜೆಂಟನಾಗಿದ್ದ ಮ್ಯಾನ್ಸನ್ ರಾಮದುರ್ಗದಿಂದ ಹೊರಟವನು ಆ ರಾತ್ರಿ ಇಲ್ಲಿ ತಂಗಿದ. ಜೊತೆಗಿದ್ದವರು ಕೆಲವೇ ಜನ. ನರಗುಂದದ ದೊರೆ ಬಾಬಾಸಾಹೇಬರಿಗೆ ಮಕ್ಕಳಿರಲಿಲ್ಲ, ದತ್ತು ತೆಗೆದುಕೊಳ್ಳಲು ಇಂಗ್ಲಿಷರು ಒಪ್ಪಿರಲಿಲ್ಲ. ರಾಮದುರ್ಗದ ದೊರೆ ಅವರ ಮಲಸೋದರ, ಅವನು ಇಂಗ್ಲಿಷರ ಕಡೆ. ಬಾಬಾಸಾಹೇಬರು ನೂರಾರು ಸವಾರರೊಂದಿಗೆ ನರಗುಂದದಿಂದ ಬಂದು ಸುರೇಬಾನದಲ್ಲಿ ಮೇಣೆಯಲ್ಲಿ ಮಲಗಿದ್ದ ಮ್ಯಾನ್ಸನ್ನನ ಮೇಲೆ ಬಿದ್ದರು. ಅವನ ತಲೆ ನರಗುಂದದ ಅಗಸಿಗೆ ಹೋಯಿತು. ಎರಡೇ ವಾರದಲ್ಲಿ, ಜೂನ್ 12ರಂದು, ಬಾಬಾಸಾಹೇಬರನ್ನು ಬೆಳಗಾವಿಯಲ್ಲಿ ಗಲ್ಲಿಗೆ ಹಾಕಿದರು. ಅವರ ತಾಯಿ ಮತ್ತು ಹೆಂಡತಿ ಮಲಪ್ರಭೆಯ ಪಾಲಾದರು.

ಈ ಪಾಠ ಮಾಡುವಾಗ ಪ್ರತಿವರ್ಷ ಹುಡುಗರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಸರ್, ಯಾವ ಜಾಗಾದಾಗ?" ಒಬ್ಬ ತಮ್ಮ ಹೊಲದಲ್ಲೇ ಎನ್ನುತ್ತಿದ್ದ, ಇನ್ನೊಬ್ಬ ತಮ್ಮ ಹಿತ್ತಲು ಎನ್ನುತ್ತಿದ್ದ. ಊರಿನ ಪ್ರತಿಯೊಂದು ಮನೆತನಕ್ಕೂ ಮ್ಯಾನ್ಸನ್ ಬೇಕಾಗಿದ್ದ. ನನ್ನನ್ನು ಹೆಚ್ಚು ಕಾಡಿದ್ದು ಬೇರೆ ಸಂಗತಿ. ಬಾಬಾಸಾಹೇಬರು ಓದುವ ಮನುಷ್ಯ, ಅವರ ವಾಡೆಯಲ್ಲಿ ಸಾವಿರಾರು ಸಂಸ್ಕೃತ ಗ್ರಂಥಗಳಿದ್ದವು. ಪುಸ್ತಕ ಕೂಡಿಸಿದ ಕೈ ಖಡ್ಗ ಹಿಡಿದು ಕತ್ತಲೆಯಲ್ಲಿ ಈ ಊರಿನತನಕ ಬಂತು. ನಾನೂ ಪುಸ್ತಕದ ಮನುಷ್ಯನೇ. ಆದರೆ ನನ್ನ ಕೈಗೆ ಖಡ್ಗ ಬಂದದ್ದು ಪಿಂಚಣಿ ಪತ್ರದ ಜೊತೆಗೆ.

ಮ್ಯಾನ್ಸನ್ ಸಾಯುವುದಕ್ಕೂ ಆರು ತಿಂಗಳ ಹಿಂದೆ, 1857ರ ನವೆಂಬರಿನಲ್ಲಿ, ಮುಧೋಳ ಸಂಸ್ಥಾನದ ಹಲಗಲಿಯಲ್ಲಿ ಬೇಡರು ದಂಗೆ ಎದ್ದದ್ದು ಆಯುಧಗಳ ಸಲುವಾಗಿಯೇ. ಸರಕಾರ ನಿಶ್ಶಸ್ತ್ರೀಕರಣದ ಕಾನೂನು ತಂದು ಮನೆಮನೆಯ ಹತಾರ ಒಪ್ಪಿಸಿರೆಂದಿತು, ಹಲಗಲಿಯವರು ಒಪ್ಪಿಸುವುದಿಲ್ಲ ಎಂದರು. ಊರು ಸುಟ್ಟಿತು, ಹಿಡಿದವರನ್ನು ಗಲ್ಲಿಗೇರಿಸಿದರು. ಹಲಗಲಿಯ ಬೇಡರ ಲಾವಣಿಯನ್ನು ಶಾಲೆಯಲ್ಲಿ ಓದದವರು ನಮ್ಮಲ್ಲಿ ಕಡಿಮೆ. ಅಂದು ಸರಕಾರ ಊರೂರು ತಿರುಗಿ ಖಡ್ಗ ಕಸಿದುಕೊಂಡಿತು. ಇಂದು ಸರಕಾರದ ಮಂತ್ರಿಗಳು ಊರೂರು ತಿರುಗಿ ಖಡ್ಗ ಇಸಿದುಕೊಳ್ಳುತ್ತಾರೆ. ಮೊದಲಿನದಕ್ಕೆ ಹೆದರಿಕೆ ಕಾರಣವಾಗಿತ್ತು, ಏಕೆಂದರೆ ಆ ಖಡ್ಗಗಳಿಗೆ ಅಲಗು ಇತ್ತು.

ಈಗ ಎರಡನೆಯ ಖಡ್ಗಕ್ಕೆ ಬರುತ್ತೇನೆ.

ನನ್ನ ತಂಗಿಯನ್ನು ಕೊಟ್ಟದ್ದು ಇಲ್ಲೇ ಮಗ್ಗುಲಿನ ಮನಿಹಾಳಕ್ಕೆ. ಅವಳ ಮಗ ಡಾಕ್ಟರಾಗಲು ಚೀನಾಕ್ಕೆ ಹೋದ. ಯಾವ ಊರೆಂದರೆ ವುಹಾನ್. 2019ರವರೆಗೆ ಆ ಹೆಸರು ಹೇಳಿದರೆ ನಮ್ಮೂರಲ್ಲಿ "ಹುಬ್ಬಳ್ಳಿಗಿಂತ ದೊಡ್ಡದೇನು?" ಎಂದು ಕೇಳುತ್ತಿದ್ದರು. 2020ರ ಜನವರಿಯಲ್ಲಿ, ಅವರ ಹೊಸವರ್ಷದ ರಜೆಗೆಂದು ಅವನು ಮನೆಗೆ ಬಂದ. ಬಂದು ಹತ್ತು ದಿನವಾಗಿತ್ತೋ ಇಲ್ಲವೋ, 23ನೇ ತಾರೀಖು ವುಹಾನಿನ ಬಾಗಿಲು ಮುಚ್ಚಿತು. ಟಿವಿಯಲ್ಲಿ ಇಪ್ಪತ್ತನಾಲ್ಕು ತಾಸು ಅದೇ ಹೆಸರು. ಆಗ ಊರಲ್ಲಿ ಯಾರೂ ಹುಬ್ಬಳ್ಳಿಯ ಮಾತು ಎತ್ತಲಿಲ್ಲ. ಆಶಾ ಕಾರ್ಯಕರ್ತೆ ದಿನಾ ಬಂದು ಹೊಸ್ತಿಲಾಚೆ ನಿಂತು "ಜ್ವರ ಅದಾವೇನ್ರಿ?" ಎಂದು ಕೇಳಿ ಬರೆದುಕೊಂಡು ಹೋಗುತ್ತಿದ್ದಳು. ಹುಡುಗನಿಗೆ ಸೀನೂ ಬರಲಿಲ್ಲ. ಆದರೆ ಅವನು ತಂದ ಸಾಮಾನಿಗೆ ಬಿಡುಗಡೆ ಸಿಗಲಿಲ್ಲ. ತಂಗಿ ಅವನ್ನೆಲ್ಲ ಒಯ್ದು ದನದ ಮನೆಯ ಗ್ವಾದಲಿಯಲ್ಲಿ ಇಟ್ಟು ಮೇಲೊಂದು ತಾಡಪತ್ರಿ ಮುಚ್ಚಿದಳು. ಎಮ್ಮೆಗೆ ಮಾತ್ರ ಯಾವ ಭಯವೂ ಇರಲಿಲ್ಲ. ತಾಡಪತ್ರಿಯ ಒಂದು ಮೂಲೆಯನ್ನು ತಿಂದುಹಾಕಿತು.

ಆ ಸಾಮಾನಿನಲ್ಲಿ ನನ್ನ ಖಡ್ಗವಿತ್ತು. ಮಳೆಗಾಲ ಕಳೆದ ಮೇಲೆ ಹುಡುಗ ಅದನ್ನು ತಂದುಕೊಟ್ಟ. ರೇಷ್ಮೆಯಂಥ ಬಟ್ಟೆ ಹೊದಿಸಿದ ಡಬ್ಬಿ, ಸ್ವಲ್ಪ ಸೆಗಣಿಯ ವಾಸನೆ. ಒಳಗೆ ಮಖಮಲ್ಲಿನ ಹಾಸಿಗೆಯ ಮೇಲೆ ಹಸಿರು ಹಸಿರಾದ ಒಂದು ಕಿರುಖಡ್ಗ. "ಮಾಮಾ, ನೀವು ಇತಿಹಾಸದ ಮಾಸ್ತರ ಅಂತ ನಿಮಗ ತಂದೇನಿ. ಇದು ಗೌಜಿಯಾನ್ ರಾಜಾನ ಖಡ್ಗ. ಅಸಲಿ ಅಲ್ಲ ಮತ್ತ, ಅಸಲಿ ಅಲ್ಲೇ ಮ್ಯೂಸಿಯಂದಾಗ ಐತಿ" ಎಂದ. ಎಷ್ಟು ಕೊಟ್ಟೆ ಎಂದು ಕೇಳಿದೆ. ನಮ್ಮ ಲೆಕ್ಕದಲ್ಲಿ ಎಂಟುನೂರು ರೂಪಾಯಿ.

ಗೌಜಿಯಾನ್ ಯಾರೆಂದು ಅವನು ಹೇಳಿದ, ಮಿಕ್ಕದ್ದನ್ನು ನಾನು ಓದಿಕೊಂಡೆ. ಕ್ರಿಸ್ತಪೂರ್ವ ಐದನೆಯ ಶತಮಾನದಲ್ಲಿ ಚೀನಾದ ಆಗ್ನೇಯ ಭಾಗದ ಯುಯೆ ಎಂಬ ಸಣ್ಣ ರಾಜ್ಯದ ದೊರೆ. ಪಕ್ಕದ ವೂ ರಾಜ್ಯದವರು ಅವನನ್ನು ಸೋಲಿಸಿ, ಒಯ್ದು ಕುದುರೆಲಾಯದ ಚಾಕರಿಗೆ ಹಚ್ಚಿದರು. ಬಿಟ್ಟುಕೊಟ್ಟ ಮೇಲೆ ಊರಿಗೆ ಬಂದವನು ಅರಮನೆಯ ಹಾಸಿಗೆ ಬಿಟ್ಟು ಕಟ್ಟಿಗೆಯ ರಾಶಿಯ ಮೇಲೆ ಮಲಗಿದನಂತೆ. ತಲೆಯ ಮೇಲೆ ಒಂದು ಪಿತ್ತಕೋಶ ತೂಗುಹಾಕಿಕೊಂಡು, ಸೋತದ್ದು ಮರೆಯಬಾರದೆಂದು ದಿನಾ ಅದನ್ನು ನೆಕ್ಕುತ್ತಿದ್ದನಂತೆ. ಕೊನೆಗೆ ಕ್ರಿ.ಪೂ. 473ರಲ್ಲಿ ವೂ ರಾಜ್ಯವನ್ನು ನುಂಗಿಯೇಬಿಟ್ಟ. ನಾವು ವರ್ಷಕ್ಕೊಮ್ಮೆ ಯುಗಾದಿಗೆ ನಾಲ್ಕು ಬೇವಿನ ಹೂ ತಿನ್ನುವಾಗ ಬೆಲ್ಲ ಎಲ್ಲಿ ಎಂದು ಹುಡುಕುತ್ತೇವೆ. ಹೀಗಾಗಿ ನಾವು ಯಾರ ರಾಜ್ಯವನ್ನೂ ಗೆಲ್ಲಲಿಲ್ಲವೆಂದು ಕಾಣುತ್ತದೆ.

ಅವನ ಖಡ್ಗ ಸಿಕ್ಕದ್ದು 1965ರ ಡಿಸೆಂಬರಿನಲ್ಲಿ, ಹೂಬೇ ಪ್ರಾಂತದ ಒಂದು ಗೋರಿಯಲ್ಲಿ. ಉದ್ದ ಸುಮಾರು 55 ಸೆಂಟಿಮೀಟರ್, ತೂಕ ಕಿಲೋಗಿಂತ ಕಡಿಮೆ. ಅಲಗಿನ ತುಂಬ ಕಪ್ಪು ಗೆರೆಗಳ ಹೆಣಿಗೆ, ಹಿಡಿಯ ಹತ್ತಿರ ಒಂದು ಬದಿಗೆ ನೀಲಿ ಗಾಜು, ಇನ್ನೊಂದು ಬದಿಗೆ ಹಸಿರುನೀಲಿ ಕಲ್ಲು. ಮೇಲೆ ಎಂಟು ಅಕ್ಷರ. ಹಕ್ಕಿಗಳು ಕುಣಿದಂತೆ ಕಾಣುವ ಹಳೆಯ ಲಿಪಿ. ನನ್ನ ಎಂಟುನೂರು ರೂಪಾಯಿಯ ನಕಲಿನ ಮೇಲೂ ಆ ಎಂಟು ಅಕ್ಷರ ಇದ್ದವು. ಹೆಂಡತಿ ಕೈಯೊರೆಸಿಕೊಳ್ಳುತ್ತ ಬಂದು ಕೇಳಿದಳು, "ಏನ ಬರದೈತೋ ಅದರ ಮ್ಯಾಲ?"

"ಯುಯೆ ರಾಜಾ ಗೌಜಿಯಾನ್ ತನ್ನ ಬಳಕೀಗಂತ ಮಾಡಿಸಿಕೊಂಡ ಖಡ್ಗ ಅಂತ ಬರದೈತಿ ಅತ್ತಿ."

"ಅಷ್ಟನ?" ಎಂದಳು ಅವಳು. "ನಮ್ಮ ಕೊಡದ ಮ್ಯಾಲೂ ಹಂಗ ಬರಿಸೇವಲ್ಲ."

ನಾನು ಬೆರಗಾದೆ. ಎರಡೂವರೆ ಸಾವಿರ ವರ್ಷದ ಹಿಂದಿನ ಲಿಪಿಯನ್ನು ಪಂಡಿತರು ತಿಂಗಳುಗಟ್ಟಲೆ ಕೂತು ಓದಿದ್ದನ್ನು ಇವಳು ಒಂದೇ ಮಾತಿನಲ್ಲಿ ಭಾಂಡೆ ಅಂಗಡಿಗೆ ತಂದು ನಿಲ್ಲಿಸಿದ್ದಳು. ಮದುವೆಯಲ್ಲಿ ತವರಿನವರು ಕೊಟ್ಟ ಪ್ರತಿಯೊಂದು ಪಾತ್ರೆಯ ಮೇಲೆ ಹೆಸರು ಹೊಡೆಸುತ್ತೇವೆ. ಲೋಟಕ್ಕೆ ಇನಿಷಿಯಲ್, ಹಂಡೆಗೆ ಪೂರ್ತಿ ಹೆಸರು, ಊರು, ತಾರೀಖು. ಓಣಿಯ ಮದುವೆಗೆ ಹೋದ ಪರಾತ ತಿರುಗಿ ನಮ್ಮ ಮನೆಗೇ ಬರಲೆಂದು. ಗೌಜಿಯಾನನ ಚಿಂತೆಯೂ ಅದೇ ಇದ್ದಿರಬೇಕು. ಪಾಪ, ಅವನಿಗೂ ಖಡ್ಗ ತಿರುಗಿ ಸಿಗಲಿಲ್ಲ. ಅದು ಸಿಕ್ಕದ್ದು ಅವನ ರಾಜ್ಯದಿಂದ ದೂರದ ಚು ರಾಜ್ಯದವರ ಗೋರಿಯಲ್ಲಿ. ಹೆಸರು ಬರೆಸಿದ ಪಾತ್ರೆಯೂ ಹೀಗೆಯೇ ಬೀಗರ ಅಡುಗೆಮನೆಯಲ್ಲಿ ಸಿಗುವುದುಂಟು. ನನ್ನ ದೊಡ್ಡ ಖಡ್ಗದ ಮೇಲೂ ಬರಹ ಇದೆ ಅನ್ನಿ. ಒರೆಗೆ ಅಂಟಿಸಿದ ಸ್ಟಿಕ್ಕರಿನ ಮೇಲೆ ನನ್ನ ಹೆಸರಿನಲ್ಲಿ ಒಂದು ಒತ್ತಕ್ಷರ ಬಿಟ್ಟುಹೋಗಿದೆ. ಮೂವತ್ತೆರಡು ವರ್ಷ ನನ್ನ ಕೈಯಲ್ಲಿ ಕಲಿತವರೇ ಬರೆಸಿದ್ದು, ಯಾರಿಗೆ ದೂರು ಹೇಳಲಿ?

ಅದಾದ ನಾಲ್ಕು ದಿನಕ್ಕೆ ಅನಾಹುತ ಆಯಿತು. ನಾನು ರಾಮದುರ್ಗದ ಸಂತೆಗೆ ಹೋಗಿದ್ದೆ. ತಿರುಗಿ ಬಂದಾಗ ಹಿತ್ತಲಿನಲ್ಲಿ ದೇವರ ಸಾಮಾನು ತಿಕ್ಕಿ ಬೋರಲು ಹಾಕಿದ್ದಳು. ಸಮೆ, ಜಾಗಟೆ, ಗಂಟೆ, ಆರತಿ ತಟ್ಟೆ. ಅವುಗಳ ಸಾಲಿನಲ್ಲಿ ಬಿಸಿಲಿಗೆ ಥಳಥಳ ಹೊಳೆಯುತ್ತ ಗೌಜಿಯಾನ್ ಮಲಗಿದ್ದ. ಹಸಿರು ಹೋಗಿತ್ತು. ಗುರುತೇ ಸಿಗದಂತೆ ಹಳದಿಯಾಗಿದ್ದ.

"ಇದನ್ಯಾಕ ತಿಕ್ಕಿದೆ?" ಎಂದು ಹೌಹಾರಿದೆ.

"ಕಿಲುಬ ಹತ್ತಿತ್ತಲ್ರೀ. ಪಾಪ ಹುಡುಗ ಅಷ್ಟ ದೂರದಿಂದ ತಂದಾನ, ಆ ಅಂಗಡ್ಯಾವ್ರು ಕಿಲುಬ ಹತ್ತಿದ್ದ ಕೊಟ್ಟು ಮೋಸ ಮಾಡ್ಯಾರ. ಹುಣಸಿಹಣ್ಣು, ಉಪ್ಪು ಹಚ್ಚಿ ತಿಕ್ಕಿದೆ. ಎರಡ ಸಲ ತಿಕ್ಕಬೇಕಾತು, ಭಾಳ ಗಟ್ಟಿ ಕುಂತಿತ್ತು" ಎಂದಳು, ದಣಿದ ಕೈ ತೋರಿಸುತ್ತ.

ಅವಳಿಗೆ ಹೇಗೆ ಹೇಳುವುದು, ಆ ಕಿಲುಬಿಗೇ ದುಡ್ಡು ಕೊಟ್ಟದ್ದೆಂದು? ನೆನಪಿನ ಕಾಣಿಕೆ ಮಾರುವವರು ಕಾರಖಾನೆಯಲ್ಲಿ ಎರಕ ಹೊಯ್ದ ಹೊಸ ಖಡ್ಗಕ್ಕೆ ಮದ್ದು ಹಚ್ಚಿ, ಬಣ್ಣ ಬಳಿದು ಎರಡು ಸಾವಿರ ವರ್ಷ ವಯಸ್ಸು ತರಿಸಿರುತ್ತಾರೆ. ಕೊಳ್ಳುವವನಿಗೆ ಹಳತು ಬೇಕು. ಹಳತು ಎಂದರೆ ಹಸಿರು. ನಮ್ಮ ಕಡೆಯ ಸತ್ಕಾರದ ಖಡ್ಗದ ಲೆಕ್ಕ ತಿರುವುಮುರುವು. ಅದಕ್ಕೆ ಮಿರಿಮಿರಿ ಪಾಲಿಶ್ ಬೇಕು, ಫೋಟೋದಲ್ಲಿ ಮಿಂಚಬೇಕು. ಅದು ಹೊಸತಾಗಿ ಕಾಣಲು ಸುಳ್ಳು ಹೇಳುತ್ತದೆ, ಇದು ಹಳೆಯದಾಗಿ ಕಾಣಲು ಸುಳ್ಳು ಹೇಳುತ್ತದೆ. ನನ್ನ ಹೆಂಡತಿಗೆ ಮಾತ್ರ ಈ ಎರಡರ ಗೊಡವೆಯೂ ಇಲ್ಲ. ಕಂಚು ಎಂದರೆ ತಿಕ್ಕಬೇಕು, ಅಷ್ಟೇ.

ಕಂಚು ನಮಗೆ ಹೊಸತೇನಲ್ಲ. ತಾಮ್ರಕ್ಕೆ ತವರ ಬೆರೆಸಿದರೆ ಕಂಚು. ಅವರು ಅದರಿಂದ ಖಡ್ಗ ಮಾಡಿದರು, ನಾವು ಗಂಗಾಳ, ಜಾಗಟೆ, ಗಂಟೆ ಮಾಡಿಕೊಂಡೆವು. ತವರ ಹೆಚ್ಚಾದಷ್ಟೂ ಲೋಹ ಗಟ್ಟಿಯಾಗುತ್ತದೆ, ನಾದವೂ ಬರುತ್ತದೆ, ಆದರೆ ಪೆಟ್ಟಿಗೆ ಒಡೆಯುತ್ತದೆ. ಹೀಗಾಗಿ ಕಂಚಿನ ಖಡ್ಗ ಬಹಳ ಉದ್ದ ಮಾಡಲು ಬರುತ್ತಿರಲಿಲ್ಲ. ಗೌಜಿಯಾನನದು ಮೊಳಕ್ಕಿಂತ ತುಸು ಹೆಚ್ಚು. ಆಮೇಲೆ ಬಂದ ಚಿನ್ ಚಕ್ರವರ್ತಿಯ ಕಾಲಕ್ಕೆ ಕುಶಲಿಗಳು ಅದನ್ನು ಮೂರಡಿಯ ಹತ್ತಿರ ಒಯ್ದರು. 1974ರಲ್ಲಿ ಬಾವಿ ತೋಡುತ್ತಿದ್ದ ರೈತರಿಗೆ ಮಣ್ಣಿನ ಸೈನ್ಯ ಸಿಕ್ಕಿತಲ್ಲ, ಅದರ ಜೊತೆಗೆ ಅಂಥ ಖಡ್ಗಗಳು ಹೊಳೆಯುವ ಸ್ಥಿತಿಯಲ್ಲೇ ಸಿಕ್ಕವು. ಅವುಗಳ ಮೇಲೆ ಕ್ರೋಮಿಯಂ ಕಂಡು, ಆ ಕಾಲಕ್ಕೇ ಚೀನೀಯರು ತುಕ್ಕು ತಡೆಯುವ ಕ್ರೋಮ್ ಲೇಪ ಬಲ್ಲವರಾಗಿದ್ದರು ಎಂದು ಬಹಳ ವರ್ಷ ಹೇಳಿಕೊಂಡು ಬಂದರು. ಸೋದರಳಿಯನೂ ಹಾಗೇ ಹೇಳಿದ. 2019ರಲ್ಲಿ ಪ್ರಕಟವಾದ ಸಂಶೋಧನೆ ಆ ಹೆಮ್ಮೆಯನ್ನು ಇಳಿಸಿತು. ಕ್ರೋಮಿಯಂ ಬಂದದ್ದು ಹಿಡಿಕೆಗೂ ಒರೆಗೂ ಬಳಿದ ಮೆರುಗೆಣ್ಣೆಯಿಂದಂತೆ, ಖಡ್ಗ ಉಳಿದದ್ದು ಅಲ್ಲಿಯ ಮಣ್ಣಿನ ಗುಣದಿಂದ ಮತ್ತು ಲೋಹದಲ್ಲಿದ್ದ ತವರದಿಂದ. ನನ್ನ ದೊಡ್ಡ ಖಡ್ಗದ ಪಾಲಿಶ್ ಎರಡೇ ಮಳೆಗಾಲಕ್ಕೆ ಹೊಪ್ಪಳೆ ಹೊಪ್ಪಳೆ ಎದ್ದಿತು. ಅದರ ಮೇಲೆ ಸಂಶೋಧನೆ ಬೇಕಾಗಿಲ್ಲ.

ಸಂಜೆ ಸೋದರಳಿಯ ಬಂದ. ಖಡ್ಗ ನೋಡಿ ಬಾಯಿ ತೆರೆದವನು ಮುಚ್ಚಲಿಲ್ಲ. "ಅತ್ತಿ, ಎಂಥಾ ಕೆಲಸ ಮಾಡಿದ್ರಿ!" ಎಂದ. ಅವಳು ಹೊಗಳಿದನೆಂದು ತಿಳಿದು ಚಹಾಕ್ಕೆ ನೀರಿಟ್ಟಳು. ಅವನು ಮೊಬೈಲಿನಲ್ಲಿ ಮ್ಯೂಸಿಯಮ್ಮಿನ ಅಸಲಿ ಖಡ್ಗದ ಚಿತ್ರ ತೆಗೆದು, "ನೋಡ್ರಿ ಮಾಮಾ, ಹೆಂಗಿರಬೇಕು, ಹೆಂಗಾತು" ಎಂದು ನನ್ನ ಮುಂದೆ ಹಿಡಿದ.

ನೋಡಿದೆ. ಅವನೂ ನೋಡಿದ. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅಸಲಿ ಖಡ್ಗದ ಮೇಲೆ ಹಸಿರು ಇರಲೇ ಇಲ್ಲ. ಹಳದಿ ಮಿಂಚಿನ ಅಲಗು, ಕಪ್ಪು ಹೆಣಿಗೆ, ಅಕ್ಷರಗಳು ನಿನ್ನೆ ಕೊರೆದಂತೆ. ಆ ಖಡ್ಗದ ಹೆಸರೇ ಅದಕ್ಕಾಗಿ. ಕಪ್ಪು ಮೆರುಗಿನ ಮರದ ಒರೆಯಲ್ಲಿ ಬಿಗಿಯಾಗಿ ಕುಳಿತು, ನೀರು ತುಂಬಿದ ಗೋರಿಯಲ್ಲಿ ಗಾಳಿ ಇಲ್ಲದೆ ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಇದ್ದರೂ ಕಿಲುಬು ಹಿಡಿಯದ ಖಡ್ಗ ಅದು. ತೆಗೆದವರು ಅಲಗಿನಿಂದ ಕಾಗದದ ಕಟ್ಟನ್ನು ಕೊಯ್ದು ನೋಡಿದರೆಂದು ಹೇಳುತ್ತಾರೆ. ಎಂಟುನೂರು ರೂಪಾಯಿಯ ನಕಲನ್ನು ಅಸಲಿಯ ಹತ್ತಿರಕ್ಕೆ ತಂದದ್ದು ಚೀನಾದ ಕಾರಖಾನೆಯಲ್ಲ, ಸುರೇಬಾನದ ಅರ್ಧ ಪಾವು ಹುಣಸೆಹಣ್ಣು.

"ಸಕ್ಕರಿ ಎಷ್ಟ ಹಾಕ್ಲಿ?" ಎಂದು ಒಳಗಿನಿಂದ ಕೇಳಿದಳು. ಇಬ್ಬರೂ "ಎಷ್ಟಾರ ಹಾಕ್ರಿ" ಎಂದೆವು. ನಾನು ಅವಳಿಗೆ 'ರಿ' ಹಚ್ಚಿ ಮಾತಾಡಿದ್ದು ಅದೇ ಮೊದಲು.

ಮುಂದೊಂದು ದಿನ ಹುಡುಗ ಇನ್ನೊಂದು ಚಿತ್ರ ತೋರಿಸಿದ. ಅದೇ ಮ್ಯೂಸಿಯಮ್ಮಿನ ಅಂಗಡಿಯಲ್ಲಿ ಈಗ ಗೌಜಿಯಾನನ ಖಡ್ಗವನ್ನು ಹತ್ತಿ ತುಂಬಿದ ಗೊಂಬೆಯಾಗಿ ಮಾರುತ್ತಾರಂತೆ. ಮೆತ್ತಗೆ, ಮೃದುವಾಗಿ, ಮಕ್ಕಳು ಅಪ್ಪಿಕೊಂಡು ಮಲಗುವಂತೆ. ಕಟ್ಟಿಗೆಯ ಮೇಲೆ ಮಲಗಿ ಪಿತ್ತ ನೆಕ್ಕಿದವನ ಖಡ್ಗ ಈಗ ತಲೆದಿಂಬು. ನಾನು ನಕ್ಕೆ, ಆದರೆ ಅದು ನನಗೆ ಇಷ್ಟವೂ ಆಯಿತು. ಕೊಯ್ಯುವುದಿಲ್ಲವೆಂದು ಹೊರನೋಟಕ್ಕೇ ಒಪ್ಪಿಕೊಂಡ ಖಡ್ಗ ಅದು. ನಮ್ಮ ದೊಡ್ಡಾಟದ ಖಡ್ಗಗಳೂ ಹಾಗೇ ಇದ್ದವು. ಕಟ್ಟಿಗೆಯದು, ಮೇಲೆ ಬೇಗಡೆ ಹಾಳೆ. ಕೌರವ ಬೀಸಿದರೆ ಬೇಗಡೆಯ ಚೂರು ಮುಂದೆ ಕುಳಿತ ನಮ್ಮ ಮೇಲೆ ಉದುರುತ್ತಿತ್ತು. ಗೌಜಿಯಾನನ ಅಸಲಿ ಖಡ್ಗವಂತೂ ಇನ್ನು ಪರದೇಶಕ್ಕೆ ಹೋಗುವಂತಿಲ್ಲ. 1994ರಲ್ಲಿ ಸಿಂಗಾಪುರದ ಪ್ರದರ್ಶನಕ್ಕೆ ಹೋದಾಗ ಪೆಟ್ಟಿಗೆಯಿಂದ ತೆಗೆಯುವಾಗ ಪೆಟ್ಟಾಗಿ ಏಳು ಮಿಲಿಮೀಟರಿನ ಬಿರುಕು ಬಿಟ್ಟಿತು. ಮುಂದೆ ಅದನ್ನು ದೇಶದ ಹೊರಗೆ ಕಳಿಸಬಾರದ ವಸ್ತುಗಳ ಪಟ್ಟಿಗೆ ಸೇರಿಸಿದರು. ಖಡ್ಗ ಹೊರತೆಗೆಯುವಾಗ ಅನಾಹುತ ಆಗುವುದು ಸುರೇಬಾನದ ಮಾಸ್ತರನಿಗೆ ಮಾತ್ರವಲ್ಲ ಎಂದು ಓದಿ ಸಮಾಧಾನವಾಯಿತು.

ಸತ್ಕಾರದ ಮಾತು ಬಂದಾಗಲೆಲ್ಲ ನನಗೆ ಶಬರಿಕೊಳ್ಳ ನೆನಪಾಗುತ್ತದೆ. ಊರಿನ ಮಗ್ಗುಲಿಗೇ ಇದೆ. ಶಬರಿ ರಾಮನ ದಾರಿ ಕಾದದ್ದು ಅಲ್ಲೇ ಎಂದು ನಮ್ಮವರ ನಂಬಿಕೆ. ದೇಶದಲ್ಲಿ ಇನ್ನೂ ಕೆಲವು ಕಡೆ ಹೀಗೇ ಹೇಳುತ್ತಾರೆ, ಆ ಜಗಳಕ್ಕೆ ನಾನು ಹೋಗುವುದಿಲ್ಲ. ಬಂದ ಅತಿಥಿ ಬಿಲ್ಲು ಬಾಣ ಹಿಡಿದವನು, ಖಡ್ಗ ಕಟ್ಟಿಕೊಂಡವನು. ಅವಳು ಅವನಿಗೆ ಇನ್ನೊಂದು ಆಯುಧ ಕೊಡಲಿಲ್ಲ. ಸಿಹಿ ಯಾವುದು ಹುಳಿ ಯಾವುದು ಎಂದು ಕಚ್ಚಿ ನೋಡಿ ಬಾರಿಹಣ್ಣು ಕೊಟ್ಟಳು. ಶಾಲು, ಹಾರ, ಭಾಷಣ, ವಂದನಾರ್ಪಣೆ ಯಾವುದೂ ಇರಲಿಲ್ಲ. ಅತಿಥಿಗೂ ಅದನ್ನು ಎಲ್ಲಿ ತೂಗುಹಾಕಬೇಕೆಂಬ ಚಿಂತೆ ಉಳಿಯಲಿಲ್ಲ.

ನಮ್ಮ ಚಿಂತೆ ಮುಗಿದಿಲ್ಲ. ದೊಡ್ಡ ಖಡ್ಗಕ್ಕೆ ಹೆಂಡತಿ ಒಂದು ಕೆಲಸ ಹುಡುಕಿದ್ದಾಳೆ. ದೀಪಾವಳಿಗೆ ಮುಂಚೆ ಒರೆಯ ತುದಿಗೆ ಹಳೆಯ ಲುಂಗಿ ಸುತ್ತಿ ಜಂತಿಯ ಸಂದಿನ ಜೇಡರ ಬಲೆ ತೆಗೆಯುತ್ತಾಳೆ. ಬಡಿಗೆಗಿಂತ ಹಗುರ, ಉದ್ದವೂ ಸರಿಯಾಗಿದೆಯಂತೆ. ಅಲಗನ್ನು ಹೊರಗೆ ತೆಗೆಯುವ ಪ್ರಶ್ನೆಯೇ ಇಲ್ಲ, ಸ್ಕ್ರೂ ಜಡಿದಿದೆ.

ಚಿಕ್ಕದಕ್ಕೆ ಕೆಲಸ ತಾನಾಗಿ ಬಂತು. ಮನಿಹಾಳದ ಹುಡುಗ ಈಗ ಡಾಕ್ಟರ್. ಕೋರ್ಸಿನ ಕೊನೆಯ ಭಾಗವನ್ನು ಮೊಬೈಲಿನಲ್ಲೇ ಕೇಳಿ ಮುಗಿಸಿ, ಪರೀಕ್ಷೆ ಬರೆದು ಪಾಸಾದ. ಹೋದ ವರ್ಷ ಅವನ ಮದುವೆ. ಅಕ್ಷತೆಯ ಹೊತ್ತಿಗೆ ಮದುಮಗನ ಕೈಯಲ್ಲಿ ಕಟಾರಿ ಇರಬೇಕು, ಅದರ ಮೊನೆಗೆ ಲಿಂಬೆಹಣ್ಣು ಸಿಗಿಸಿರಬೇಕು. ಇದು ನಮ್ಮ ಪದ್ಧತಿ. ಮನೆತನದ ಕಟಾರಿಯನ್ನು ಯಾವುದೋ ಮದುವೆಗೆ ಒಯ್ದವರು ತಿರುಗಿ ತಂದಿರಲಿಲ್ಲ, ಅದರ ಮೇಲೆ ಹೆಸರು ಬರೆಸಿರಲಿಲ್ಲ. ಮುಹೂರ್ತ ಹತ್ತಿರ ಬಂತು. ತಂಗಿ ಓಡಿ ಬಂದು, "ಅಣ್ಣಾ, ಆ ಚೀನಾದ್ದ ಕೊಡು" ಎಂದಳು. ಕೊಟ್ಟೆ.

ಲಿಂಬೆಹಣ್ಣಿಗೆ ಅದರ ಮೊನೆ ಇಳಿಯಲಿಲ್ಲ. ಮೂವರು ಹಿರಿಯರು ಒಬ್ಬರಾದ ಮೇಲೊಬ್ಬರು ಒತ್ತಿ ನೋಡಿದರು. ಹಣ್ಣು ಚಪ್ಪಟೆಯಾಯಿತೇ ಹೊರತು ಚುಚ್ಚಲಿಲ್ಲ. ಕೊನೆಗೆ ಚೀಲ ಹೊಲಿಯುವ ದಬ್ಬಣ ತಂದು ತೂತು ಮಾಡಿ ಸಿಗಿಸಿದರು. ಯುಯೆ ದೇಶದ ದೊರೆ ಗೌಜಿಯಾನನ ಖಡ್ಗ ಮನಿಹಾಳದ ಮದುವೆಯ ಹಂದರದಲ್ಲಿ ಬಾಸಿಂಗದ ಪಕ್ಕ ನಿಂತು ಎಲ್ಲ ಫೋಟೋಗಳಲ್ಲೂ ಬಂದಿದೆ. ಮೂರು ದಿನದ ಮೇಲೆ ಅದು ಮನೆಗೆ ತಿರುಗಿ ಬಂತು. ಲಿಂಬೆಯ ರಸ ಇಳಿದ ನಾಲ್ಕು ಬೆರಳಿನಷ್ಟು ಮೊನೆ ಮಾತ್ರ ಈಗ ಉಳಿದ ಭಾಗಕ್ಕಿಂತ ಹೆಚ್ಚು ಹೊಳೆಯುತ್ತದೆ.